ನಾಲ್ಕನೆಯ ಮೂಲೆ

ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ
ಹೆಗಲಿಗೆ ಹೆಗಲು ತಾಗಿಸಿ ನಿಂತ ಜೂನು.
ಎರಡು ತಿಂಗಳು ಬಲೆ ಮುಟ್ಟುವ ಹಾಗಿಲ್ಲ.
ಐಸ್ ಫ್ಯಾಕ್ಟರಿಯ ಹಿಂದೆ, ತಗಡಿನ ಮಾಡಿನಡಿ,
ಒಂದೇ ಕೇರಮ್ ಬೋರ್ಡಿಗೆ ಹನ್ನೊಂದು ಜನ.
ಅದರ ಕಟ್ಟೂ ಬಿಟ್ಟಿತು.
ರೋಹಿದಾಸ ತಾಂಡೇಲ ಬೋರ್ಡನ್ನೇ ಕೊಡೆಯಂತೆ
ತಲೆಯ ಮೇಲೆ ಹೊತ್ತು ತಂದು ಇಳಿಸಿ ಹೇಳಿದ:
'ಹೊಡೆಯೂದು ಒಂದು ಕಡೆ, ಹೋಗೂದು ಇನ್ನೊಂದು ಕಡೆ.'

ಪುಂಡಲೀಕಮಾಮ ಬೀಡಿ ಆರಿಸಿ ನನ್ನ ಕಡೆ ನೋಡಿದ.
'ನೀ ಮಾಡು, ಸುಗಂದಿ.'

ಹೆದ್ದಾರಿಗೆಂದು ಕೆಡವಿದ ಯಾರದೋ ಮನೆಯ
ಬಾಗಿಲುವಾಡ. ಒಳ್ಳೆ ಹೊನ್ನೆ.
ತಿರುಗಣಿಯ ಮೊಳೆ ಕಿತ್ತ ತೂತುಗಳನ್ನು ತಪ್ಪಿಸಿ
ನಾಲ್ಕು ಪಟ್ಟಿ ಸೀಳಿದೆ.
ಹುಡಿಗೆ ಬೆವರು ತಾಗಿ ಅಂಗೈ ಹಳದಿ,
ಮದುವಣಗಿತ್ತಿಯದರ ಹಾಗೆ, ಎಂದು ರೋಹಿದಾಸ ನಕ್ಕ.
ನಾನು ನಗಲಿಲ್ಲ.

ಪೆನ್ಸಿಲು ಎತ್ತಿಕೊಂಡರೆ ಮಾಮ ಕಸಿದುಕೊಂಡ.
'ಪೆನ್ಸಿಲಿನ ಗೆರೆಗೆ ದಪ್ಪ ಉಂಟು,
ನೀನು ಅದರ ಒಳಗೇ ದಾರಿ ತಪ್ಪುತ್ತಿ.
ಕತ್ತಿಯಲ್ಲಿ ಗೀರು. ಗೀರಿಗೆ ಒಳಗಿಲ್ಲ,
ಈಚೆ, ಆಚೆ, ಅಷ್ಟೆ.'
ಗೀರಿದೆ. ನಲವತ್ತೈದು.
ಮೇಲಿನ ಮುಖಕ್ಕೊಂದು, ತಿರುವಿ ಕೆಳಗಿನದಕ್ಕೊಂದು,
ಎರಡನ್ನೂ ಸೇರಿಸುತ್ತ ಅಂಚಿನ ಮೇಲೆ ನೇರ ಒಂದು.
ಗರಗಸವನ್ನು ಗೀರಿನ ಆಚೆ ದಡದಲ್ಲಿ ಇಳಿಸಿದೆ,
ಒತ್ತದೆ; ಅದರ ಭಾರ ಅದಕ್ಕೆ ಸಾಕು.
ಆಮೇಲೆ ಓರೆಹಲಗೆಗೆ ಪಟ್ಟಿಯನ್ನು ಆನಿಸಿ,
ಕೀಸುಳಿಯನ್ನು ಮಗ್ಗುಲಿಗೆ ಮಲಗಿಸಿ,
ಒಂದೊಂದೇ ಎಳೆತ.
ಮರದ ತುದಿ ಮೊದಲು ಪುಡಿಪುಡಿಯಾಗಿ ಉದುರಿತು.
ಉಳಿಯನ್ನು ಮತ್ತೆ ಮಸೆದು ಬಂದ ಮೇಲೆ
ತಾರ್ಲೆಯ ಪೊರೆಯಷ್ಟು ತೆಳುವಾಗಿ,
ಹಿಡಿದರೆ ಬೆಳಕು ಕಾಣುವ ಹಾಗೆ, ಬಿಟ್ಟುಕೊಟ್ಟಿತು.

ಸರೇಸಿಲ್ಲದೆ ಕೂಡಿಸಿ ನೋಡಿದೆ.
ಒಂದು ಮೂಲೆ ಮುಚ್ಚಿತು. ಎರಡು. ಮೂರು.
ನಾಲ್ಕನೆಯದು ಹಲ್ಲು ಕಿರಿಯಿತು.

ಕೋನ ತಪ್ಪಿರಬೇಕೆಂದು ಅದನ್ನೇ ಕೆರೆದೆ.
ಇನ್ನಷ್ಟು ಕಿರಿಯಿತು. ಮತ್ತೆ ಕೆರೆದೆ.
ಮಾಮ ಚಾ ಕುಡಿಯುತ್ತ ಕೂತಿದ್ದ,
ಬಶಿಯಲ್ಲಿ ಸುರುವಿಕೊಂಡು, ಊದಿ ಊದಿ.
ಲೋಟ ತಳ ಕಂಡ ಮೇಲೆ ಎದ್ದು ಬಂದ.
'ಆ ಮೂಲೆಯದು ತಪ್ಪಿಲ್ಲ. ಉಳಿದ ಮೂವರ ಬಾಕಿ
ಅದರ ಬಾಗಿಲಿಗೆ ಬಂದು ನಿಂತದೆ.'
ಎದುರುಬದುರಿನ ಎರಡು ಪಟ್ಟಿ ತೆಗೆದು
ಬೆನ್ನಿಗೆ ಬೆನ್ನು ಹಚ್ಚಿ ಗಾಜಿನ ಮೇಲೆ ನಿಲ್ಲಿಸಿ
ನನ್ನ ಬೆರಳು ಹಿಡಿದು ತುದಿಯ ಮೇಲೆ ಎಳೆದ.
'ಪಳೆ.'
ಕಣ್ಣಿಗೆ ಏನೂ ಇಲ್ಲ. ಬೆರಳಿಗೆ ಉಗುರಂಚಿನಷ್ಟು ಮೆಟ್ಟಿಲು.
ಒಂದು ಉದ್ದ, ಒಂದು ಗಿಡ್ಡ.
ನಾನು ಮಧ್ಯಾಹ್ನವಿಡೀ ಬೈದದ್ದು ಓರೆಯನ್ನು.

ಉದ್ದದ್ದಕ್ಕೆ ಎರಡು ಎಳೆತ. ಸಾಲುತ್ತಿತ್ತು,
ನಾನು ಸುಮ್ಮನೆ ಕೆರೆದ ಮೂಲೆ ಇಲ್ಲದಿದ್ದರೆ.
ಅದಕ್ಕಾಗಿ ನಾಲ್ಕೂ ಪಟ್ಟಿ ಮತ್ತೆ ಓರೆಹಲಗೆಗೆ.
ಕಟ್ಟು ಅರ್ಧ ನೂಲು ಸಣ್ಣದಾಯಿತು,
ಒಳಗಿನ ಹಲಗೆಯನ್ನೂ ಅಷ್ಟೇ ಹೆರೆದೆ.
ಇದನ್ನು ರೋಹಿದಾಸನಿಗೆ ಹೇಳಿಲ್ಲ.

ಸರೇಸು ಕಾಯಿಸಿದೆವು. ಅಡ್ಡ ಕೊಯ್ದ ಮರ ಕುಡುಕ;
ಮೊದಲ ಸಲ ಬಳಿದದ್ದು ಅದಕ್ಕೇ, ಎರಡನೆಯದು ಕೂಡಿಗೆ.
ಬಿಗಿಯಲು ಅಂಗಡಿಯಲ್ಲಿ ಹಗ್ಗ ಸಾಲದೆ
ರೋಹಿದಾಸ ಓಡಿ ಬೋಟಿನಿಂದ ಬಲೆಯ ಹುರಿ ತಂದ,
ನಾಲ್ಕು ಮೂಲೆಗೆ ಗುಂಡಿ ಇಟ್ಟು ಸುತ್ತಿದ,
ನನಗೆ ಬಾರದ ಗಂಟೊಂದು ಹಾಕಿದ,
ನಡುವೆ ಕೋಲು ತೂರಿಸಿ ತಿರುವಿದ.
ನಾಲ್ಕೂ ಕಡೆ ಸರೇಸು ಮಣಿಮಣಿಯಾಗಿ ಹೊರಬಂತು.
ಆ ಜೂನಿನಲ್ಲಿ ಆ ಹುರಿಗೆ ಸಿಕ್ಕ ಒಂದೇ ಕೆಲಸ.

'ಮಳೆ ಜೋರಾದರೆ ಪಟ್ಟಿ ಅಡ್ಡಕ್ಕೆ ಉಬ್ಬಿ
ಹೊರತುದಿ ಬಾಯಿ ಬಿಡ್ತದೆ,' ಅಂದ ಮಾಮ.
'ಚೈತ್ರದ ಬಿಸಿಲಿಗೆ ಅದು ಮುಚ್ಚಿ ಒಳತುದಿ.
ಅದು ಮರದ ಉಸಿರಾಟ. ನಿನ್ನ ಲೆಕ್ಕಕ್ಕೆ ಬರೂದಿಲ್ಲ.'

ಆದರೂ ಜುಲೈಯಲ್ಲಿ ಒಂದು ಸಂಜೆ,
ಮೀನು ಕೇಳುವ ನೆವ ಮಾಡಿಕೊಂಡು ಹೋದೆ.
ಬಂದಿದ್ದಾದರೂ ಎಲ್ಲಿ ಮೀನು, ಆ ದಿನಗಳಲ್ಲಿ.
ತಗಡಿನ ಮೇಲೆ ಮಳೆ, ಬೋರ್ಡಿನ ಮೇಲೆ ಪೌಡರು.
ರೋಹಿದಾಸ ಕಣ್ಣು ಕಿರಿದು ಮಾಡಿ ಹೊಡೆದ:
ರಾಣಿ ನನ್ನ ಪಟ್ಟಿಗೆ ತಾಗಿ, ಎದುರಿನದಕ್ಕೆ ತಾಗಿ,
ತೆವಳುತ್ತ ಹೋಗಿ ಮೂಲೆಯ ಕುಳಿಗೆ ಬಿತ್ತು.
ಕೂಗು ಎದ್ದಿತು. ಕುಳಿಯೊಳಗೆ ಕೈಹಾಕಿದರು,
ರಾಣಿಯನ್ನು ಎತ್ತಿ ಮುತ್ತಿಟ್ಟರು.
ಮೂಲೆಯನ್ನು ಯಾರೂ ನೋಡಲಿಲ್ಲ.

ಬಗ್ಗಿ ಅದರ ಹೊರತುದಿಗೆ ಉಗುರು ಇಟ್ಟೆ.
ಉಗುರು ಹೋಗುವಷ್ಟಿಲ್ಲ. ಕೂದಲೆಳೆ,
ಒಂದು ಕೂದಲೆಳೆ, ಹೋದೀತು.

'ಕೈ ತೆಗಿ ಬಾಯಿ,' ಎಂದರು ಯಾರೋ,
'ಆಟ ನಡೀತಾ ಉಂಟು.'