ಉದ್ರಿ ಪುಸ್ತಕ

ಸ್ವಾನೇತಿಯಲ್ಲಿ ಹಿಮ ಬಿದ್ದು ಕಣಿವೆಯ ಬಾಯಿ ಮುಚ್ಚಿದರೆ
ಏಪ್ರಿಲ್ ತನಕ ನಾಜಿಬ್ರೋಲಾಳ ಅಂಗಡಿಯೊಂದೇ ಪೇಟೆ.
ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ, ರಬ್ಬರ್ ಬೂಟು.
ಗಿರಾಕಿಗಳ ಕೈಯಲ್ಲಿ ಮಾತ್ರ ಬರೀ ಮಂಜು.
ಹಾಗಾಗಿ ಗಲ್ಲಾದ ಪಕ್ಕ ದಾರ ಕಟ್ಟಿದ ಪೆನ್ಸಿಲ್ಲು,
ನೀಲಿ ರಟ್ಟಿನ ಉದ್ರಿ ಪುಸ್ತಕ.

ಎಲ್ಲರೂ ಇದ್ದಾರೆ ಅದರಲ್ಲಿ.
ಶಾಲೆಯ ಮೇಷ್ಟ್ರು: ಎರಡು ಕಿಲೋ ಸಕ್ಕರೆ.
ಗೋಪುರದ ಮನೆಯ ಮುದುಕ ಚಿಚಿಕೋ:
ತಂಬಾಕು, ತಂಬಾಕು, ಮತ್ತೆ ತಂಬಾಕು.
ಪಾದ್ರಿ ಇಲಾರಿಯೋನನೂ: ಅರ್ಧ ಚೀಲ ಹಿಟ್ಟು, ಪೂಜೆಯ ರೊಟ್ಟಿಗೆ.
ಕೆಳಗಿನ ಊರಿನ ಸಗಟು ವ್ಯಾಪಾರಿಯ ಪುಸ್ತಕದಲ್ಲಿ ಅವಳ ಹೆಸರು,
ಅವನದು ಯಾವುದೋ ಬ್ಯಾಂಕಿನಲ್ಲಿ.
ಹಸುವಿನದು ಹುಲ್ಲಿನಲ್ಲಿ, ಹುಲ್ಲಿನದು ಕರಗುವ ಹಿಮದಲ್ಲಿ,
ಹಿಮದ್ದು ಕಡಲಿನಲ್ಲಿ. ಕಡಲಿನ ಸಾಲ ಯಾರ ಬಳಿಯೋ.
ಕಡ ತಂದ ಉಸಿರನ್ನು ಒಳಗೆಳೆದು
ಬಿಸಿಬಿಸಿಯಾಗಿ ಹಿಂದಿರುಗಿಸುತ್ತದೆ ಊರು,
ಮಲಗಿದಾಗಲೂ.

ಆ ಭಾನುವಾರ ಕರೆಂಟಿರಲಿಲ್ಲ. ಚರ್ಚಿನಲ್ಲಿ ಹನ್ನೊಂದು ಜನ.
ಇಲಾರಿಯೋನ್ ಮೂಗು ಒರೆಸಿಕೊಳ್ಳುತ್ತ ಹೇಳಿದ:
"ದೇವರಿಗೆ ಯಾರ ಹಂಗೂ ಇಲ್ಲ.
ತನ್ನಷ್ಟಕ್ಕೆ ಹುಟ್ಟಿದವನು ಅನ್ನಬೇಡಿ, ಹುಟ್ಟಿದ್ದರೆ
ಅದಕ್ಕೂ ಮುಂಚೆ ಒಂದು ಖಾಲಿ ಜಾಗ ಬೇಕಾಗುತ್ತಿತ್ತು.
ಅವನು ಇದ್ದಾನೆ, ಅಷ್ಟೆ.
ಆ ಇರುವಿಕೆಯನ್ನು ಯಾರಿಂದಲೂ ತಂದುಕೊಳ್ಳಲಿಲ್ಲ.
ನಮ್ಮ ಮೇಣ, ನಮ್ಮ ಹಾಡು, ನಾವು,
ಯಾವುದೂ ಬೇಕಾಗಿರಲಿಲ್ಲ ಅವನಿಗೆ."
ಕೆಮ್ಮಿದ. ಆಶೀರ್ವದಿಸಿದ. ಹತ್ತು ಜನ ಮನೆಗೆ ಹೋದರು.

ಎರಡು ಚಳಿಗಾಲದ ಹಿಂದೆ ಹಿಮಕುಸಿತ
ತಮ್ಮ ಮುರ್ಜಕಾನನನ್ನು ಒಯ್ದಾಗ
ಶವದ ಸುತ್ತ ಕೂತ ಕಪ್ಪು ಬಟ್ಟೆಯ ಹೆಂಗಸರು ಹೇಳಿದ್ದರು:
"ದೇವರಿಗೆ ಬೇಕಾಗಿದ್ದ, ಕರೆಸಿಕೊಂಡ."
ಆ ಒಂದು ಮಾತನ್ನು ನಾಜಿಬ್ರೋಲಾ
ಒದ್ದೆ ಕೈಗವಸಿನಂತೆ ಒಲೆಯ ಮೇಲೆ ಒಣಗಿಸಿ ಒಣಗಿಸಿ
ಇಷ್ಟು ದಿನ ತೊಟ್ಟುಕೊಂಡಿದ್ದಳು.
ಅಲ್ಲಿ ಏನೋ ಕೆಲಸವಿದ್ದೀತು,
ಕೊಡಲಿ ಬಲ್ಲ ಕೈ ಬೇಕಿದ್ದೀತು,
ಜಾರುಬಂಡಿಯ ಎತ್ತುಗಳನ್ನು ಒಂದೇ ಕೂಗಿಗೆ
ನಿಲ್ಲಿಸುವ ಗಂಟಲು.

"ಮಾಮಾ," ಎಂದಳು. ಆ ಭಾಷೆಯಲ್ಲಿ ಅಪ್ಪನೆಂದರೆ ಮಾಮಾ.
"ಬೇಕಾಗಿರಲಿಲ್ಲ ಅಂದಮೇಲೆ ಯಾಕೆ ತಗೊಂಡ?"

ಇಲಾರಿಯೋನನ ಬಳಿ ಓದಿದ ಉತ್ತರಗಳಿದ್ದವು.
ಒಂದನ್ನೂ ಎತ್ತಿಕೊಳ್ಳಲಿಲ್ಲ.
ಮರಳಿನ ತಟ್ಟೆಯಿಂದ ಆರಿದ ಬತ್ತಿಗಳನ್ನು ಕೀಳುತ್ತ ಕೀಳುತ್ತ
ಬಹಳ ಹೊತ್ತಾದ ಮೇಲೆ,
"ತಗೊಂಡ ಅಂತ ನಾನು ಹೇಳಲಿಲ್ಲ, ಮಗಳೆ.
ತಗೊಳ್ಳೋದು ಹಸಿದವನು.
ಹಿಮ ಜಾರಿತು. ಯಾಕೆ ಅಂತ ನನಗೆ ಗೊತ್ತಿಲ್ಲ."

ರಾತ್ರಿ ಅಂಗಡಿಯ ಹಲಗೆ ಹಾಕಿ ಕೂತಳು.
ಪುಟ ತಿರುವಿದಳು. ಕೊಟ್ಟದ್ದೆಲ್ಲ ವಸೂಲಿಗೆಂದು ಕೊಟ್ಟದ್ದೇ.
ಮುದುಕನಿಗೆ ತಂಬಾಕು ಕೂಡ, ಸೌದೆ ಒಡೆದುಕೊಡುತ್ತಾನೆಂದು.
ಯಾರಿಂದಲೂ ಏನೂ ಬೇಡದವನು
ಕೊಟ್ಟರೆ ಹೇಗೆ ಕೊಟ್ಟಾನು?
ಮುರ್ಜಕಾನನ ಮುರಿದ ಹಲ್ಲು, ಅದರ ಹಿಂದಿನ ನಗು,
ಮೂವತ್ತೊಂದು ವರ್ಷ.
ಬಡ್ಡಿಯಿಲ್ಲ, ಒತ್ತೆಯಿಲ್ಲ, ವಾಯಿದೆಯ ಮಾತೇ ಇಲ್ಲ.
ಅವನಿಲ್ಲದೆಯೂ ನಡೆಯುತ್ತಿತ್ತು ದೇವರಿಗೆ.
ಆದರೂ ಇದ್ದ, ಮುರ್ಜಕಾನ್.

ಇದು ಸಮಾಧಾನವೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.
ಕೈಗವಸು ಹೋಗಿತ್ತು.
ಬರಿಗೈಗೆ ಚಳಿ ತಾಗುತ್ತಿತ್ತು,
ಸರಿಯಾಗಿ, ಮೊದಲ ಸಲ.

ಮಾರುವ ಕಟ್ಟಿನಿಂದ ಒಂದು ಬತ್ತಿ ಎಳೆದು ಹಚ್ಚಿದಳು.
ಉರಿಗೆ ಮೇಣ ಬೇಕು, ಮೇಣಕ್ಕೆ ಜೇನ್ನೊಣ, ನೊಣಕ್ಕೆ ಹೂ,
ಹೂವಿಗೆ ಜೂನ್ ತಿಂಗಳು...
ಎಣಿಸುವಷ್ಟರಲ್ಲಿ ಒಂದಿಂಚು ಕರಗಿತ್ತು.
ಆಮೇಲೆ, ಅಂಗಡಿಯವಳ ಅಭ್ಯಾಸ,
ಪೆನ್ಸಿಲ್ಲಿನ ತುದಿ ನಾಲಗೆಗೆ ತಾಗಿಸಿ ಬರೆದಳು:
ನಾಜಿಬ್ರೋಲಾ. ಬತ್ತಿ, ಒಂದು.
ಬಾಕಿ ಯಾರಿಗೆ ಎಂಬಲ್ಲಿ
ಪೆನ್ಸಿಲ್ಲು ನಿಂತೇ ಇತ್ತು.