ಗ್ರಹಣ ಹಿಡಿದ ಅಕ್ಷರ

ಮುಹರ್ರಕ್‌ನ ಆಸ್ಪತ್ರೆಯಲ್ಲಿ ನನ್ನ ಪಾಲಿಗಿದ್ದದ್ದು
ಎಂಟಡಿಗೆ ಆರಡಿ ಕತ್ತಲೆ.
ಹೊರಗೆ ರನ್‌ವೇ, ಬಂದರು, ಮಸೀದಿ, ಮಾರುಕಟ್ಟೆ,
ರಾತ್ರಿಗೆ ಕಾಲೂರಲೂ ಜಾಗವಿರಲಿಲ್ಲ.
ಒಳಗೆ ಕೆಂಪು ಬಲ್ಬು, ಹುಳಿ ವಾಸನೆಯ ಫಿಕ್ಸರ್,
ಕ್ಲಿಪ್ಪಿಗೆ ತೂಗುಬಿಟ್ಟ ಯಾರದೋ ಪಕ್ಕೆಲುಬು.

ಫಿಲ್ಮು ಮೂಡುವ ನಾಲ್ಕು ನಿಮಿಷ
ಸಿಸ್ಟರ್ ಗಾಬ್ನಿಟ್ ಸ್ಟೂಲೆಳೆದು ಕೂರುತ್ತಿದ್ದಳು.
ಪಡುವಣ ಐರ್ಲೆಂಡಿನ ಮೀನುಗಾರರ ಮಗಳು,
ಇಂಗ್ಲಿಷನ್ನು ನನ್ನ ಹಾಗೇ ಶಾಲೆಯಲ್ಲಿ ಪೆಟ್ಟು ತಿಂದು ಕಲಿತವಳು.
‘ದೊರಖದಸ್’ ಅಂದಳು ಒಂದು ರಾತ್ರಿ, ಸುತ್ತ ಕೈಯಾಡಿಸಿ.
‘ನಮ್ಮಲ್ಲಿ ಇದು ಗಂಡು. ನಿಮ್ಮಲ್ಲಿ?’
ಗಂಡೂ ಅಲ್ಲ ಹೆಣ್ಣೂ ಅಲ್ಲ, ಬರೀ ‘ಅದು’ ಅಂದೆ.
ನಕ್ಕಳು: ‘ಪಾಪ, ಯಾರೂ ಇಲ್ಲದ್ದು.’

‘ನನ್ನ’ ಅಂತ ಸೇರಿಸಿದರೆ ದ ಮೆತ್ತಗಾಗಿ
ಗಂಟಲಿಗಿಳಿಯುತ್ತದಂತೆ: ‘ಮೊ ಘೊರಖದಸ್.’
ನನಗೆ ಕೇಳಿಸಿದ್ದು ಗೊರಕೆ!
ಬಾಗಿಲಾಚೆ ಕಾದಿದ್ದ ಈಸಾ ಮಾತ್ರ
‘ಅದು ನಮ್ಮ ಗೈನ್’ ಅಂದು ಸಲೀಸಾಗಿ ಉಚ್ಚರಿಸಿದ.
ಸೋಲಬಾರದೆಂದು ನಾನು ಕಾರ್ಗತ್ತಲೆ ತಂದೆ,
ಕಾರ್ ಮುಂದೆ ನಿಂತರೆ ನಮ್ಮ ಕ ಕೂಡ ಗ ಆಗುತ್ತೆ, ನೋಡು.
‘ಕಾರು?’ ಅಂದಳು.
ಟೊಯೊಟಾ ಅಲ್ಲ ಮಾರಾಯ್ತಿ, ಕರಿ.

ದೊರಖ ಅಂದರೆ ಕಪ್ಪು, ಸೊರಖ ಅಂದರೆ ಬೆಳಕು.
ತಲೆಯಕ್ಷರವಷ್ಟೇ ಬೇರೆ; ದುರ್ಗತಿ, ಸುಗತಿಯ ಹಾಗೆ
ಕೆಟ್ಟದ್ದು ಆ ಕಡೆ, ಒಳ್ಳೆಯದು ಈ ಕಡೆ.
ನಮ್ಮ ಕಸುಬು ಅದನ್ನು ಒಪ್ಪದು:
ಎದೆಯ ಫಿಲ್ಮಿನಲ್ಲಿ ಕಪ್ಪೆಂದರೆ ಉಸಿರು.
ಮುತ್ತಿಗೆ ಮುಳುಗಿ ಮುಳುಗಿ ಮುದುಕನಾದ ಬೂ ಜಾಸಿಮ್‌ನ
ಎರಡು ಪುಪ್ಪುಸ, ಎರಡು ಅಮಾವಾಸ್ಯೆ, ಎಷ್ಟು ಚೆಂದ!

ನವೆಂಬರಿನಲ್ಲಿ ಅವಳೇ ಎದೆಯೊಡ್ಡಿ ನಿಂತಳು.
ತೊಟ್ಟಿಯಿಂದ ಎತ್ತಿದೆ. ಎಡಕ್ಕೆ, ಮೇಲೆ,
ನೂರು ಫಿಲ್ಸಿನ ನಾಣ್ಯದಷ್ಟು ಬಿಳುಪು.
ನಾನು ನೀರು ಸೋರುವುದನ್ನೇ ನೋಡುತ್ತಿದ್ದೆ.
‘ಸೊರಖ’ ಅಂದಳು.

ಊರಿಗೆ ಹೊರಡುವ ಮುನ್ನ ಕವರಿನ ಬೆನ್ನಿಗೆ ಬರೆದುಕೊಟ್ಟಳು.
‘ಕತ್ತಲೆಯಲ್ಲಿ’ ಅನ್ನಬೇಕಾದರೆ
ದ ಮುಂದೆ ನ ಬಂದು ನಿಲ್ಲುತ್ತದೆ: ‘ಇ ನೊರಖದಸ್.’
ಅವರ ವ್ಯಾಕರಣದಲ್ಲಿ ಇದಕ್ಕೆ ಗ್ರಹಣ ಅಂತಲೇ ಹೆಸರು.
ದ ಎಲ್ಲಿಗೂ ಹೋಗುವುದಿಲ್ಲ. ಬರೆಯಲೇಬೇಕು.
ಓದುವಾಗ ಮಾತ್ರ ಬಾಯಿ ಬಿಡುವುದಿಲ್ಲ.

ಈಗ ಆ ಕೋಣೆಗೆ ಟ್ಯೂಬ್‌ಲೈಟು, ತುಂಬ ಸಲೈನ್ ಪೆಟ್ಟಿಗೆ.
ಸ್ಟೂಲು ಇದೆ. ಅದರ ಮೇಲೆ ಏನೂ ಇಡಬೇಡಿ ಅಂದಿದ್ದೇನೆ.
ಕೇಳಿದವರಿಗೆ
ಕಾಲು ಮುರಿದಿದೆ ಅನ್ನುತ್ತೇನೆ.