ದ್ವನಿ ಮಾಡಿ

ಹಾಸನದ ಹೊಸ ಬಸ್‌ಸ್ಟ್ಯಾಂಡಿನ ಎದುರು
ಝೆರಾಕ್ಸ್ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ
ನಾನೊಂದು ಬಸ್ಸು ಕಟ್ಟಿದೆ.
ಏಳು ತಿಂಗಳು. ತಗಡಿಲ್ಲ, ಬೋಲ್ಟಿಲ್ಲ.
ಆಟದ ಕಂಪನಿ ಕೊಟ್ಟಿದ್ದು ಬೋಳು ಚಾಸಿ,
ಯಾವುದೋ ದ್ವೀಪದ ದೇಶದ ಸಪಾಟು ರಸ್ತೆ.
ಅದರ ಮೇಲೆ ತಂದೆ ಬೇಲೂರಿನ ದಾರಿ,
ನೀಲಾಂಬಿಕಾ ಮೋಟಾರ್ಸ್, ಬೆಳಗಿನ ಆರೂ ನಲವತ್ತರ ಗಾಡಿ,
ಅದರ ಹರಿದ ಮೂರನೇ ಸೀಟು,
ಡ್ರೈವರ್ ತಲೆಯ ಮೇಲಿನ ಪ್ಲಾಸ್ಟಿಕ್ ಮಲ್ಲಿಗೆ,
ಕಂದಲಿ ದಾಟಿ ಗೇರು ಬದಲಿಸುವಾಗ
ಅದು ಕೆಮ್ಮುವ ಕೆಮ್ಮು.

ಬಿಟ್ಟಿ ಹಂಚಿದೆ. ಕೆಳಗೊಂದು ಸಾಲು:
ಮಾಡಿದ್ದು ಹೇಮಾಕ್ಷಿ, ಹಾಸನ. ಮಾರಬೇಡಿ.

ಮಾರಿದರು.
ನೂರಾ ನಲವತ್ತೊಂಬತ್ತು ರೂಪಾಯಿ, ಹಣ ಹಾಕಿದರೆ ಪಾಸ್‌ವರ್ಡು.
ನನ್ನ ಹೆಸರಿದ್ದ ಕಡೆ ಯಾವನೋ ‘ಕಿಂಗ್’.
ಎರಡು ಸಾವಿರದ ಮುನ್ನೂರು ಜನ ಕೊಂಡಿದ್ದರು.
ಗುಣಿಸಬಾರದು ಅಂದುಕೊಂಡೆ,
ಕರೆಂಟ್ ಬಿಲ್ಲಿನ ಹಿಂದೆ ಗುಣಿಸಿದೆ.

ಕಂಪನಿಗೆ ಬರೆದೆ. ಬಂತು ಮರ್ಯಾದೆಯ ಉತ್ತರ:
ತಾವು ಒಪ್ಪಿದ ಕರಾರಿನ ಪ್ರಕಾರ
ನಮ್ಮ ಆಟದೊಳಗೆ ತಾವು ಏನು ಮಾಡಿದರೂ ನಮ್ಮದು.
ಅವರೂ ಮಾರುವಂತಿಲ್ಲ, ತಾವೂ ಮಾರುವಂತಿಲ್ಲ.
ಒಪ್ಪಿದ್ದು ಯಾವಾಗ? ಹೆಬ್ಬೆರಳಿಗೆ ನೆನಪಿತ್ತು.
ಓದು ಬರದ ತಾತ ಧಣಿಯ ಕಾಗದಕ್ಕೆ ಒತ್ತಿದ್ದ ಹೆಬ್ಬೆಟ್ಟನ್ನು
ಓದು ಬರುವ ನಾನು ಗಾಜಿಗೆ ಒತ್ತಿದ್ದೆ.

ತಾತನಿಗಾದರೂ ಒಂದು ಕಾಲ ಬಂತು.
ಉಳುವವನೇ ಹೊಲದೊಡೆಯ ಅಂದರು.
ಏಳನೇ ನಮೂನೆ ತುಂಬಿಸಿ, ತಾಲ್ಲೂಕು ಕಚೇರಿಗೆ
ಹನ್ನೊಂದು ಸಲ ನಡೆದು, ದುದ್ದದ ಬಯಲಲ್ಲಿ
ಒಂದು ಎಕರೆ ಹನ್ನೆರಡು ಗುಂಟೆಗೆ ಪಹಣಿಯಲ್ಲಿ ಹೆಸರು ಕೂತಿತು.
ನನ್ನ ಬಸ್ಸಿಗೆ ಯಾವ ನಮೂನೆ, ಯಾವ ತಾಲ್ಲೂಕು?
ಉತ್ತವಳು ನಾನು. ಸಾಕ್ಷಿ?

ಇತ್ತು.
ಬಸ್ಸಿನ ಬೆನ್ನ ಮೇಲೆ ‘ದ್ವನಿ ಮಾಡಿ’,
ಹೊಟ್ಟೆ ಸೀಳದ ದ.
ಆ ತಪ್ಪನ್ನು ಇದ್ದ ಹಾಗೇ ಇಟ್ಟಿದ್ದೆ,
ಕಳ್ಳ ನೋಡದೆ ಹೊತ್ತೊಯ್ದಿದ್ದ.
ಸಿಕ್ಕಿಬಿದ್ದ! ಅಂತ ಓಡಿದೆ ಸಂತೆಪೇಟೆಗೆ,
ಆ ಅಕ್ಷರ ಬರೆದ ಸಿಬ್ಗತ್ ಸಾಬರ ಹತ್ತಿರ.
ಕನ್ನಡಕ ಹಣೆಗೇರಿಸಿ, ಫೋನು ದೂರ ಹಿಡಿದು,
ಅವರು ತಪ್ಪು ನೋಡಲಿಲ್ಲ,
ಅಕ್ಷರದ ಅಂಚಿನ ಹಳದಿ ನೆರಳು ನೋಡಿದರು.
“ಈ ನೆರಳು ನಂದು. ಅಳಿಲುಕೂದಲ ಬ್ರಶ್ಶಿಂದು.
ಏನಮ್ಮ, ನನ್ನ ಕೇಳಿದ್ಯಾ?”

ಕೇಳಿರಲಿಲ್ಲ.
ಡ್ರೈವರ್ ಜವರಪ್ಪನನ್ನೂ ಕೇಳಿರಲಿಲ್ಲ,
ಹಗರೆಯ ತಿರುವಿನಲ್ಲಿ ಅವನು ಹೊಡೆಯುವ ಹಾರನ್ನು,
ಮೂರು ಗಿಡ್ಡ, ಒಂದು ಉದ್ದ,
ಹಿಂದೆ ಕೂತು ಕದ್ದು ಹಿಡಿದಾಗ.
ಆ ಹಾರನ್ನಿಗೆ ಅವನ ತಂಗಿ
ಬುತ್ತಿ ಹಿಡಿದು ಬಾಗಿಲಿಗೆ ಬರುತ್ತಾಳೆ.
ಈಗ ಎರಡು ಸಾವಿರದ ಮುನ್ನೂರು ಜನ
ದಿನಾ ಅವಳನ್ನು ಕರೆಯುತ್ತಿದ್ದಾರೆ,
ಯಾರನ್ನು ಕರೆಯುತ್ತಿದ್ದೇವೆಂದು ತಿಳಿಯದೆ.

ಸಂಜೆ ಜವರಪ್ಪ ಬಂದ, ಲೈಸೆನ್ಸಿನ ಝೆರಾಕ್ಸಿಗೆ.
ಹೇಳಿಬಿಟ್ಟೆ. ಫೋನು ಕೊಟ್ಟೆ.
ಎರಡೂ ಮೊಣಕೈ ಗಾಜಿಗೆ ಊರಿ ಓಡಿಸಿದ.
“ಕ್ಲಚ್ಚು ಇಷ್ಟು ಹಗೂರಿಲ್ಲ ಕಣವ್ವ.”
ಹಗರೆಯ ತಿರುವು ಬಂತು. ಮೂರು ಗಿಡ್ಡ, ಒಂದು ಉದ್ದ.
ನಿಲ್ಲಿಸಿದ.
ಕಾದ.
ನಾನು ಅಲ್ಲಿ ಬರೀ ಹಸಿರು ಬಳಿದಿದ್ದೆ.
“ಬಾಗ್ಲೆಲ್ಲಿ?” ಅಂದ.

ಬೇಡ ಅಂದರೂ ಕೇಳದೆ
ಎರಡು ರೂಪಾಯಿ ಗಾಜಿನ ಮೇಲಿಟ್ಟು ಹೋದ.
ಝೆರಾಕ್ಸಿಗೋ ಬಸ್ಸಿಗೋ,
ನಾನು ಕೇಳಲಿಲ್ಲ.
ಅಂಗಡಿ ಮುಚ್ಚುವ ತನಕ ಕೂತು
ಹಗರೆಯ ಹಸಿರನ್ನು ಕೆರೆದು
ಒಂದು ಹೊಸ್ತಿಲಿನಷ್ಟು ಜಾಗ ಮಾಡಿದೆ.